ಸೋಪು ಮುಗಿದ ಸುದ್ದಿ

ತಪ್ಪು ನನ್ನದು, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಪರ್ಚೇಸ್ ಮ್ಯಾನೇಜರರ ಮೂಗುದನಿಯಲ್ಲಿ ಲಿನನ್ ರೂಮಿಗೆ ಫೋನ್ ಮಾಡಿ, ಭಾನುವಾರದಿಂದ ಸ್ಟಾಫಿಗೆ ಸೋಪು ಮಾಫಿ, ಹಡಗು ಬರುತ್ತಿಲ್ಲ, ಮಾರ್ಕೆಟ್ಟಿನಲ್ಲೂ ಖಲಾಸ್ ಎಂದವನು ನಾನು. ಮಾಫಿ ಎಂದರೆ ಗಲ್ಫಿನ ಅರಬ್ಬಿಯಲ್ಲಿ ಇಲ್ಲ ಎಂದು. ದೇವರು ನನಗೆ ಕೊಟ್ಟದ್ದು ಕಪ್ಪೆಯ ಮುಖ, ಹತ್ತು ಜನರ ಗಂಟಲು. ಮುಖದಿಂದ ಇದುವರೆಗೆ ಯಾರಿಗೂ ಕೇಡಾಗಿಲ್ಲ.

ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಹೋಟೆಲಿನ ಲಾಂಡ್ರಿಯಲ್ಲಿ ಚಾದರ ಮಡಚುವುದು ನನ್ನ ಕೆಲಸ. ಚಾದರ, ಟವೆಲು, ಸೋಪು ಇಡುವ ಲಿನನ್ ರೂಮಿನ ಬೀಗದ ಕೈ ಇದ್ದದ್ದು ನನ್ನ ಅಮ್ಮನಿಗಿಂತ ದೊಡ್ಡವಳಾದ, ಸೋವಿಯತ್ ಕಾಲದಲ್ಲಿ ಬೆಳೆದ ಒಬ್ಬಾಕೆಯ ಬಳಿ. ಊರಲ್ಲಿ ಕೆಲಸವಿಲ್ಲದ ಮಗಳು, ಇಬ್ಬರು ಮೊಮ್ಮಕ್ಕಳು. ಮೂವರ ಊಟವೂ ಆಕೆಯ ಈ ಕೆಲಸದಿಂದಲೇ. ಟೀ ಹೊತ್ತಿಗೆ ಮುರುಕು ಹಿಂದಿಯಲ್ಲಿ ಹಳೆಯದನ್ನೆಲ್ಲ ಹೇಳುತ್ತಿದ್ದಳು. ಸೋಪಿಗೆ ಕೂಪನ್ ಇತ್ತಂತೆ, ಅಂಗಡಿಯಲ್ಲಿ ಸೋಪಿರಲಿಲ್ಲವಂತೆ. ಸಾಲು ಕಂಡರೆ ಮೊದಲು ನಿಲ್ಲಬೇಕು, ಯಾತಕ್ಕೆಂದು ಆಮೇಲೆ ಕೇಳಬೇಕು. ಸಾಲಿನ ನಂಬರನ್ನು ಅಂಗೈ ಮೇಲೆ ಶಾಯಿಯಲ್ಲಿ ಬರೆಯುತ್ತಿದ್ದರು, ಅಳಿಸಿದರೆ ಜಾಗ ಹೋಯಿತು. ಹಾಗಾಗಿ ಸೋಪಿಗೆಂದು ನಿಂತ ಆಕೆ, ಆಗಿನ್ನೂ ಹುಡುಗಿ, ಎರಡು ದಿನ ಕೈಯನ್ನೇ ತೊಳೆದಿರಲಿಲ್ಲ. ಏನಾದರೂ ಸಿಕ್ಕಿದರೆ ನೆರೆಯವರಿಗೂ ಸೇರಿಸಿಯೇ ತರುವುದು ಅಲ್ಲಿಯ ವಾಡಿಕೆ. ರೇಡಿಯೋ ಮಾತ್ರ ದಿನಾ ಎಲ್ಲವೂ ಧಾರಾಳವಾಗಿದೆ ಎನ್ನುತ್ತಿತ್ತಂತೆ.

ಇದನ್ನೆಲ್ಲ ನಾನು ಕ್ಯಾಂಟೀನಿನಲ್ಲಿ ಅಂಗೈ ಚಾಚಿ, ಆಕೆಯ ಓಲಾಡುವ ನಡಿಗೆಯಲ್ಲೇ ಅಭಿನಯಿಸಿ ತೋರಿಸುತ್ತಿದ್ದೆ. ಎಲ್ಲರೂ ನಗುತ್ತಿದ್ದರು, ಆಕೆಯೂ. ಆ ನಗು ತಲೆಗೇರಿ ಒಂದು ದಿನ ಆಕೆಗೆ ಆ ಫೋನ್ ಮಾಡಿದೆ.

ಮರುದಿನ ಹಿಂಬಾಗಿಲಲ್ಲಿ ಸೆಕ್ಯುರಿಟಿ ಆಕೆಯ ಚೀಲ ಬಿಚ್ಚಿಸಿದ. ಅತಿಥಿಗಳ ಕೋಣೆಗೆಂದಿದ್ದ ಪುಟ್ಟ ಸೋಪುಗಳು, ಹಳೇ ಟವೆಲ್ ಚೂರುಗಳಲ್ಲಿ ಗಂಟುಕಟ್ಟಿ ಇಟ್ಟಿದ್ದವು. ಪ್ರತಿ ಗಂಟಿನ ಮೇಲೂ ನಮ್ಮ ಕ್ವಾರ್ಟರ್ಸಿನ ಒಂದೊಂದು ರೂಮಿನ ನಂಬರು. ಒಂದು ನನ್ನ ರೂಮಿನದು.

ಕಳ್ಳತನವೆಂದರೆ ಕೆಲಸ ಹೋಯಿತು, ಕೆಲಸ ಹೋದರೆ ವೀಸಾ ಹೋಯಿತು. ಮೂರು ಮಹಡಿ ಓಡಿ ಹತ್ತಿ ಅದೇ ಪರ್ಚೇಸ್ ಮ್ಯಾನೇಜರರ ಮುಂದೆ ನಿಂತೆ. ಅವರು ನಮ್ಮ ಉಡುಪಿ ಕಡೆಯವರೇ. ಫೋನ್ ಮಾಡಿದ್ದು ನಾನೆಂದರೆ ನಂಬಲಿಲ್ಲ, ಮಾಡಿ ತೋರಿಸು ಎಂದರು. ಬಾಯಿ ತೆರೆದೆ, ಬರೀ ಗಾಳಿ ಬಂತು. ಹತ್ತು ಜನರ ಗಂಟಲಿದ್ದವನಿಗೆ ಆ ಹೊತ್ತಿಗೆ ತನ್ನದೊಂದೂ ಇರಲಿಲ್ಲ. ನೀರು ಕೇಳಿ ಕುಡಿದೆ. ಮೂರನೇ ಸಲಕ್ಕೆ ಅವರ ದನಿ ಅವರೆದುರೇ ಹೊರಬಿತ್ತು, ಸೋಪು ಮಾಫಿ ಎಂದು. ಪಕ್ಕದ ಮೇಜಿನಾಕೆ ಫೈಲಿನಲ್ಲಿ ಮುಖ ಮುಚ್ಚಿಕೊಂಡಳು. ಅವರು ನಗಲಿಲ್ಲ.

"ಫೋನ್ ಮಾಡಿದ್ದು ನೀನೇ ಆಯ್ತು ಮಾರಾಯ. ಚೀಲ ಹೊತ್ತದ್ದು ನೀನಲ್ಲವಲ್ಲ?"

ಚೀಲವನ್ನೂ ನನ್ನ ಮೇಲೆ ಹಾಕಿ ಎಂದು ಬೇಡಿಕೊಂಡೆ, ಕಾಲು ಹಿಡಿಯಲೂ ಹೋದೆ. ಆಗಲಿಲ್ಲ. ನನಗೆ ವಾರ್ನಿಂಗ್ ಲೆಟರ್, ಆಕೆಗೆ ಊರಿನ ಟಿಕೆಟ್.

ಆಕೆ ಲಾಕರ್ ಖಾಲಿ ಮಾಡುತ್ತಿದ್ದಳು. ತೊಳೆದು ಒಣಗಿಸಿದ ಪ್ಲಾಸ್ಟಿಕ್ ಚೀಲಗಳನ್ನು ಒಂದರೊಳಗೊಂದು ಇಡುತ್ತಿದ್ದಳು. ಕ್ಷಮೆ ಕೇಳಿದೆ, ಇನ್ನೊಂದು ಚೀಲ ಒಳಗಿಟ್ಟಳು. ಸುಮ್ಮನಿರಲು ಬರುವ ಪ್ರಾಣಿಯಲ್ಲ ನಾನು. ಕೆಳಗಿನ ಸೂಪರ್‌ಮಾರ್ಕೆಟ್ಟಿನಲ್ಲಿ ಸೋಪಿನದೇ ಒಂದು ಗೋಡೆಯಿದೆ, ದಿನಾ ಅದರ ಮುಂದೆಯೇ ಹಾದು ಬರುತ್ತೀರಿ, ನನ್ನ ಮಾತನ್ನು ಹೇಗೆ ನಂಬಿದಿರಿ ಎಂದೆ.

ಆಗ ನನ್ನತ್ತ ತಿರುಗಿದಳು.

"ಇದೆ ಅಂತ ಸುಳ್ಳು ಹೇಳುವವರನ್ನು ಜೀವಮಾನವಿಡೀ ಕೇಳಿದ್ದೇನೆ. ಇಲ್ಲ ಅಂತ ಸುಳ್ಳು ಹೇಳಿದವನು ನೀನೊಬ್ಬನೇ."