ಬದುಕಿರೋ ಅತ್ತೆಯ ಸೂತಕ

ನೋಡ್ರಪ್ಪ, ಇವತ್ತು ನನ್ನ ಗತಿ. ಗಾರ್ಮೆಂಟ್ಸಿನವರು ಹೊಸ ಪದ್ಧತಿ ಮಾಡವ್ರೆ. ಇಂಥ ಟೈಮು ಅಂತಿಲ್ಲ, ಕೆಲಸ ಇದ್ದಾಗ ನಮ್ಮ ತೊಣ್ಣೂರಿನ ಎಸ್‌ಟಿಡಿ ಬೂತಿಗೆ ಫೋನು ಮಾಡಿ ಕರೀತಾರೆ. ನಾವಾಗಿ ಫೋನು ಮಾಡಂಗಿಲ್ಲ, ಕರೆಯದೆ ಗೇಟಿಗೂ ಹೋಗಂಗಿಲ್ಲ.

ಬೂತಿನ ಮುಂದೆ ಕಾಯ್ತಿದ್ದೋಳು, ಹಾಸಿಗೆ ಹಿಡಿದಿರೋ ಅತ್ತೆಗೆ ಗಂಜಿ ಕುಡಿಸೋಕೆ ಮನೆಗೆ ಓಡಿದೆ. ಅಷ್ಟರಲ್ಲಿ ನನ್ನನ್ನ ಕೇಳಿ ಸೂಪರ್‌ವೈಜರ ಫೋನು ಬಂತಂತೆ. ನನ್ನಂಗೇ ಕೆಲಸಕ್ಕೆ ಕಾಯ್ತಿದ್ದ ಜಯಮ್ಮ ಎತ್ತಿ, "ಅವಳತ್ತೆ ತೀರೋದ್ರು ಸಾರ್, ಸೂತಕ. ನಾನೇ ಬತ್ತೀನಿ" ಅಂದು ಬಸ್ಸು ಹತ್ತವ್ಳೆ!

"ಸುಳ್ಳು ಅಂತ ಯಾಕಣ್ಣ ಹೇಳ್ಲಿಲ್ಲ?" ಅಂತ ಬೂತಿನ ಸಿದ್ದಣ್ಣನ್ನ ಕೇಳಿದೆ.

"ನೀನು ಅಂಗೆ ಓಡೋದೆಯಲ್ಲವ್ವ, ನಾನೂ ನಿಜ ಅಂದ್ಕಂಡೆ."

ಅತ್ತೆ ಬದುಕವ್ರೆ ಅಂತ ಹೇಳಬೇಕಾದ್ರೆ ಸೂಪರ್‌ವೈಜರೇ ಫೋನು ಮಾಡಬೇಕು. ಸೂತಕ ಕಳೆಯೋ ತನಕ ಅವರು ಮಾಡಲ್ಲ.