ಆರು ಗ್ರಾಂ ಇಂಗಾಲ

ಪಿಯುಸಿಯಲ್ಲಿ ನಾನು ಉರುಳಿದ್ದು ಕೆಮಿಸ್ಟ್ರಿಯೊಂದರಲ್ಲೇ. ತರೀಕೆರೆಯ ಗೆಳೆಯನೂ ಅಷ್ಟೇ. ಇಬ್ಬರೂ ಕಡೂರಿನಲ್ಲಿ ಸಪ್ಲಿಮೆಂಟರಿಗೆ ಕೂತಿದ್ದೆವು. ಈ ಸಲ ದಾಟಿದರೆ ಇಬ್ಬರೂ ಒಟ್ಟಿಗೆ ಡಿಗ್ರಿಗೆ. ಇಲ್ಲವಾದರೆ ನನ್ನ ಒಂದು ವರ್ಷ ಮಣ್ಣುಪಾಲು.

ಪ್ರಶ್ನೆಪತ್ರಿಕೆ ಕೇಳಿತ್ತು: ಆರು ಗ್ರಾಂ ಇಂಗಾಲ ಪೂರ್ತಿ ಉರಿದರೆ ಎಷ್ಟು ಗ್ರಾಂ ಕಾರ್ಬನ್ ಡೈಆಕ್ಸೈಡ್? ಹನ್ನೆರಡಕ್ಕೆ ನಲವತ್ನಾಲ್ಕು, ಆರಕ್ಕೆ ಇಪ್ಪತ್ತೆರಡು. ಕೈ ತಾನಾಗಿ ಬರೆದುಬಿಟ್ಟಿತು. ಆಮೇಲೆ ತಲೆ ಅಡ್ಡ ಬಂತು.

ಅಜ್ಜಂಪುರದ ನಮ್ಮ ಮನೆಯಲ್ಲಿ ಬಚ್ಚಲೊಲೆಯ ಬೂದಿ ತೆಗೆಯುವ ಘನಕಾರ್ಯ ನನ್ನದು. ಮಂಕರಿ ತುಂಬ ತೆಂಗಿನ ಕರಟ ಉರಿಸಿದರೂ ಸಿಗುವುದು ಒಂದೆರಡು ಹಿಡಿ ಬೂದಿ. ಸುಟ್ಟಮೇಲೆ ಹೆಚ್ಚಾದ ವಸ್ತುವನ್ನು ನಮ್ಮ ವಂಶದಲ್ಲಿ ಯಾರೂ ಕಂಡಿಲ್ಲ. ಇಪ್ಪತ್ತೆರಡನ್ನು ಹೊಡೆದುಹಾಕಿ, ಲೆಕ್ಕ ತಿರುಗಿಸಿ ಮಾಡಿ, ಒಂದೂವರೆ ಚಿಲ್ಲರೆ ಗ್ರಾಂ ಎಂದು ಬರೆದೆ. ಅದೇ ಹುರುಪಿನಲ್ಲಿ ಮೀಥೇನ್ ಲೆಕ್ಕವನ್ನೂ 'ಸರಿಪಡಿಸಿದೆ'.

ಬಸ್ ಸ್ಟ್ಯಾಂಡಿನಲ್ಲಿ ಗೆಳೆಯ ಖುಷಿಯಾಗಿದ್ದ. "ಲೇ, ನಮ್ ಕೆಮಿಸ್ಟ್ರಿ ಸರ್ ಥರ ಮಾಡೋ ಒಂದ್ಸಲ."

ಕೇಳಿದರೆ ಬಿಡುವವನೇ ನಾನು? ಇಲ್ಲದ ಕನ್ನಡಕವನ್ನು ಮೂಗಿನ ಮೇಲೇರಿಸಿ, ಕೆಮ್ಮಿ, ಶುರುಮಾಡಿದೆ: "ಲೇ ಕತ್ತೆಗಳಾ! ಒಲೆ ಊದ್ತೀರಲ್ಲ, ಆ ಗಾಳಿ ಎಲ್ಲೋಯ್ತೋ? ಅದ್ಕೂ ತೂಕ ಐತೆ ಕಣ್ರೋ! ಇಂಗಾಲದ ಜತೆ ಆಕ್ಸಿಜನ್ನೂ ಸೇರ್ಸಿ ತೂಗ್ರೋ!"

ಗೆಳೆಯ ಹೊಟ್ಟೆ ಹಿಡಿದುಕೊಂಡು ನಕ್ಕ. ಬಸ್ಸಿಗೆ ಕಾಯುತ್ತಿದ್ದ ಅಜ್ಜಿಯೂ ಬಾಯಿಗೆ ಸೆರಗು ಹಿಡಿದಳು. ನಾನು ಮಾತ್ರ ತೆರೆದ ಬಾಯಿ ಮುಚ್ಚದೆ ನಿಂತೆ. ಮೇಷ್ಟ್ರ ಕೆಮ್ಮು, ಎಳೆತ, ಮೂಗುದನಿ ಎಲ್ಲವನ್ನೂ ಕದ್ದಿದ್ದೆ. ಮಾತಿನ ಅರ್ಥ ಕಿವಿಗೆ ಬಿದ್ದದ್ದು ಮಾತ್ರ ಆಗಲೇ, ಅದೂ ನನ್ನದೇ ಬಾಯಿಂದ.

"ಯಾಕೋ?"

"ಇಪ್ಪತ್ತೆರಡು ಬರ್ದು ಹೊಡ್ದಾಕ್ಬಿಟ್ಟೆ ಕಣೋ."

"ಹೋಗಲೇ, ಆಟ ಆಡ್ಬೇಡ," ಎಂದು ನಗುತ್ತಲೇ ತರೀಕೆರೆ ಬಸ್ ಹತ್ತಿದ.

ಅಜ್ಜಂಪುರದ ಬಸ್ಸು ಬಂದು ಹೋಯಿತು. ಹತ್ತಬೇಕೆನಿಸಲಿಲ್ಲ. ಉತ್ತರಪತ್ರಿಕೆ ಆಗಲೇ ಕಟ್ಟು ಸೇರಿ, ಅರಗಿನ ಮುದ್ರೆ ಬಿದ್ದಿರುತ್ತದೆ ಎಂದುಕೊಳ್ಳುತ್ತಾ ಕಲ್ಲುಬೆಂಚಿನ ಮೇಲೆ ಕೂತಿದ್ದೆ.

ಫಲಿತಾಂಶದ ದಿನ ಅವನೇ ಫೋನ್ ಮಾಡಿದ. "ನಾನು ಪಾಸ್ ಕಣೋ! ನಾಳೆ ಕಾಲೇಜಿಗೆ ಸೇರ್ಕೋತೀನಿ. ನಿಂದೇನಾಯ್ತಲೇ?"

ಯಾರದಾದರೂ ದನಿ ತೆಗೆದು ನಗಿಸಿಬಿಡೋಣ ಎಂದು ಹುಡುಕಿದೆ. ಒಂದೂ ಸಿಗಲಿಲ್ಲ.

"ಹೋಯ್ತು ಕಣೋ."

ಅವನು ಕಿಸಕ್ಕೆಂದು ನಕ್ಕ. "ಇದ್ಯಾರ್ ಥರ ಮಾಡ್ತಿದೀಯೋ?"

ನನ್ನದೇ ದನಿ ಎಂದು ಅವನನ್ನು ನಂಬಿಸಲು ಬಹಳ ಹೊತ್ತು ಹಿಡಿಯಿತು.