ಮೀಟರ್ ಬೋರ್ಡಿನ ಬೀಗ

ಮಲ್ಲೇಶ್ವರದ ನಮ್ಮ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಯಾರೊಡನೆ ಮಾತಿಗೆ ನಿಂತರೂ ಕಣ್ಣು ಮಾತ್ರ ಬೀದಿಯ ಕರೆಂಟ್ ಕಂಬದ ಮೇಲೇ ಇರುತ್ತಿತ್ತು. ತಾರಸಿಗೆ ಸೋಲಾರ್ ಹಾಕಿಸಿದವರು ಅವರೇ. ಹಾಕಿಸಿದ ಮೇಲೆ ನೆಮ್ಮದಿ ಕಳೆದುಕೊಂಡವರೂ ಅವರೇ. ಬ್ಯಾಟರಿ ಇಲ್ಲದ ಸೋಲಾರ್ ಅದು. ಬೀದಿಯ ಕರೆಂಟ್ ಹೋದರೆ ತಾನೂ ನಿಂತುಬಿಡುತ್ತದೆ. ನಿಲ್ಲದಿದ್ದರೆ ನಮ್ಮ ತಾರಸಿಯ ಕರೆಂಟ್ ಬೀದಿಯ ತಂತಿಗೆ ಹರಿದು, ರಿಪೇರಿಗೆ ಕಂಬ ಹತ್ತಿದವನ ಪ್ರಾಣ ತೆಗೆದೀತು. ಇದನ್ನು ವಿವರಿಸಿದಾಗಲೆಲ್ಲ ಕೊನೆಗೆ “ಕಂಬದ್ ಮೇಲೆ ಯಾರಾದ್ರೂ ಇದ್ರೆ?” ಅನ್ನುತ್ತಿದ್ದರು. ಜನ ನಗುತ್ತಿದ್ದರು.

ಒಂದು ಏಪ್ರಿಲ್ ಮಧ್ಯಾಹ್ನ ಕರೆಂಟ್ ಹೋಯಿತು. ನೆತ್ತಿ ಸುಡುವ ಬಿಸಿಲು. ಲಿಫ್ಟೂ ಇಲ್ಲ, ನೀರೂ ಇಲ್ಲ. ಮೂರನೇ ಮಹಡಿಯವರು ಎಲೆಕ್ಟ್ರಿಷಿಯನ್ನನ್ನು ಕರೆದುಕೊಂಡೇ ಬಂದರು.

“ಬಿಸಿಲು ಸುಮ್ನೆ ದಂಡ ಆಗ್ತಿದೆ ಸಾರ್. ಸೋಲಾರ್ ಕರೆಂಟ್ನೇ ಡೈರೆಕ್ಟಾಗಿ ಮನೆಗಳಿಗೆ ಕೊಡಿಸ್ಬಿಡೋಣ, ಬೀಗ ತೆಗೀರಿ.”

ಸೆಕ್ರೆಟರಿ ಮೀಟರ್ ಬೋರ್ಡಿಗೆ ಬೆನ್ನು ಕೊಟ್ಟು ನಿಂತರು. ಬೀಗದ ಕೀ ಅವರ ಮುಷ್ಟಿಯಲ್ಲಿತ್ತು. “ಕಂಬದ್ ಮೇಲೆ ಯಾರಾದ್ರೂ ಇದ್ರೆ?”

“ಯಾರೂ ಇಲ್ಲ, ನೋಡ್ಕೊಂಡೇ ಬಂದಿದೀನಿ.”

“ಆಚೆ ರಸ್ತೆ ಕಂಬದ್ ಮೇಲೆ?”

ಅಷ್ಟರಲ್ಲಿ ಸೆಕ್ರೆಟರಿಯ ಹೆಂಡತಿ ಮೆಟ್ಟಿಲ ಮೇಲಿಂದ ಕೂಗಿದರು: “ರೀ, ಅಮ್ಮನ ಆಕ್ಸಿಜನ್ ಮಿಷಿನ್ ನಿಂತೋಗಿದೆ. ಸಿಲಿಂಡರ್ ಹಾಕಿದೀನಿ, ಅದ್ರಲ್ಲೂ ಕಮ್ಮಿ ಇದೆ. ಬೇಗ ಬನ್ನಿ!”

“ಈಗ್ಲಾದ್ರೂ ತೆಗೀರಿ ಸಾರ್,” ಎಂದರು ಮೂರನೇ ಮಹಡಿಯವರು, ಮೆತ್ತಗೆ.

ಸೆಕ್ರೆಟರಿ ಪಕ್ಕದಲ್ಲಿದ್ದ ನನ್ನ ಕೈಗೆ ಕೀ ತುರುಕಿದರು.

“ಯಾರ್ಗೂ ಕೊಡ್ಬೇಡಿ. ನಾನೇ ಬಂದು ಕೇಳಿದ್ರೂ ಕೊಡ್ಬೇಡಿ,” ಎಂದವರೇ ಮೆಟ್ಟಿಲು ಹತ್ತಿ ಓಡಿದರು.